‘ಬರೀ ವೈರಲ್ ಫೀವರ್’ ಅನ್ನಬೇಡಿ

ಮಳೆಗಾಲ ಶುರುವಾದರೆ ನಮ್ಮ ಊರು-ಕೇರಿಯ ಕ್ಲಿನಿಕ್ಕುಗಳಲ್ಲೆಲ್ಲ ಒಂದೇ ಮಾತು: ‘ಏನಿಲ್ಲ, ಬರೀ ವೈರಲ್ ಫೀವರ್. ಎಲ್ಲ ಕಡೆ ಓಡಾಡ್ತಿದೆ. ಮೂರು ದಿನಕ್ಕೆ ಇಳಿಯುತ್ತೆ.’ ಇಪ್ಪತ್ತರ ಹುಡುಗನಿಗೆ ಹೀಗೆ ಹೇಳಿದರೆ ಅಂಥ ತಪ್ಪಿಲ್ಲ, ಬಹುಮಟ್ಟಿಗೆ ನಿಜವೂ ಹೌದು. ಆದರೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವ, ಒಮ್ಮೆ ಸ್ಟೆಂಟ್ ಹಾಕಿಸಿಕೊಂಡಿರುವ, ಅರವತ್ತು ದಾಟಿದ ಹಿರಿಯರಿಗೂ ಅದೇ ಧಾಟಿಯಲ್ಲಿ ಅದೇ ಮಾತು ಹೇಳಿ ಕಳಿಸುತ್ತೇವೆ. ಅವರ ಜ್ವರವೂ ನಾಲ್ಕನೇ ದಿನ ಇಳಿಯುತ್ತದೆ. ‘ಆರಾಮಾದೆ’ ಎಂದು ತೋಟಕ್ಕೆ ಹೋಗುತ್ತಾರೆ, ಮೋಟಾರ್ ಹಾಕುತ್ತಾರೆ, ಗೊಬ್ಬರದ ಚೀಲ ಎತ್ತುತ್ತಾರೆ. ವಾರ ಕಳೆಯುವುದರೊಳಗೆ ಎದೆ ಹಿಡಿದಂತಾಗುತ್ತದೆ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗುತ್ತಾರೆ, ಬೆಳಿಗ್ಗೆ ಏಳುವುದಿಲ್ಲ. ಬಂದವರೆಲ್ಲ ಹಾರ್ಟ್ ಅಟ್ಯಾಕ್ ಎನ್ನುತ್ತಾರೆ. ಹಿಂದಿನ ವಾರದ ಜ್ವರದ ಹೆಸರನ್ನು ಯಾರೂ ಎತ್ತುವುದಿಲ್ಲ.

ಈ ಮರೆವಿನ ಬೇರು ಒಂದು ನಂಬಿಕೆಯಲ್ಲಿದೆ. ಉಸಿರಾಟದ ವೈರಸ್ಸು ಮೂಗು, ಗಂಟಲು, ಶ್ವಾಸಕೋಶದ ಗಡಿ ದಾಟುವುದಿಲ್ಲ. ಜ್ವರ ಬಿಟ್ಟಿತೆಂದರೆ ಕಾಯಿಲೆಯೂ ಬಿಟ್ಟಿತು. ಓದಿದವರು, ಓದದವರು, ವೈದ್ಯರಲ್ಲೂ ಬಹಳಷ್ಟು ಮಂದಿ, ಇಲಾಖೆಯ ಕಡತಗಳು, ಎಲ್ಲವೂ ಇದನ್ನೇ ನಂಬಿಕೊಂಡು ನಡೆಯುತ್ತಿವೆ. ಈ ನಂಬಿಕೆ ತಪ್ಪು, ಮತ್ತು ಅದಕ್ಕೆ ನಾವು ತೆರುತ್ತಿರುವ ಬೆಲೆ ಜೀವಗಳದ್ದು. ಫ್ಲೂ ಇರಲಿ, ಕೋವಿಡ್ ಇರಲಿ, ವೈರಸ್ಸು ಒಳಹೊಕ್ಕ ಕೂಡಲೇ ದೇಹದಲ್ಲಿ ಉರಿಯೂತವೂ ರಕ್ತ ಹೆಪ್ಪುಗಟ್ಟುವ ಕ್ರಿಯೆಯೂ ಒಟ್ಟಿಗೆ ಏಳುತ್ತವೆ. ಜ್ವರ ಇಳಿದ ದಿನವೇ ಅವು ಅಡಗುವುದಿಲ್ಲ. ಕೆಲವರಲ್ಲಿ ದಿನಗಟ್ಟಲೆ, ಕೆಲವರಲ್ಲಿ ವಾರಗಟ್ಟಲೆ ಎದ್ದೇ ಇರುತ್ತವೆ.

ಇದು ಕೋವಿಡ್ ಬಂದಮೇಲೆ ಹುಟ್ಟಿದ ಹೊಸ ವಾದ ಎಂದು ಯಾರೂ ತಳ್ಳಿಹಾಕಬಾರದು. 1932ರಲ್ಲೇ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಸೆಲ್ವಿನ್ ಕಾಲಿನ್ಸ್ ಅಲ್ಲಿನ ಸಾವಿನ ಲೆಕ್ಕಗಳನ್ನು ಜಾಲಾಡಿ, ಫ್ಲೂ ಎದ್ದ ವಾರಗಳಲ್ಲಿ ನ್ಯುಮೋನಿಯಾ ಸಾವುಗಳಷ್ಟೇ ಅಲ್ಲದೆ ಹೃದ್ರೋಗದಂಥ ಬೇರೆ ಕಾರಣಗಳ ಸಾವೂ ಏರುತ್ತದೆಂದು ತೋರಿಸಿದ್ದ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಎಂಟು ವರ್ಷಗಳ 34,892 ಶವಪರೀಕ್ಷೆಗಳನ್ನು ಪರಿಶೀಲಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಫ್ಲೂ ಅಲೆ ಎದ್ದಾಗಲೆಲ್ಲ ಹೃದಯದ ರಕ್ತನಾಳ ಕಟ್ಟಿ ಸತ್ತವರ ಸಂಖ್ಯೆಯೂ ಏರಿತ್ತು. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳನ್ನು ಆಧರಿಸಿದ 2004ರ ಅಧ್ಯಯನದಲ್ಲಿ, ಉಸಿರಾಟದ ಸೋಂಕು ತಗಲಿದ ಮೊದಲ ಮೂರು ದಿನಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಐದು ಪಟ್ಟು, ಪಾರ್ಶ್ವವಾಯುವಿನ ಅಪಾಯ ಸುಮಾರು ಮೂರು ಪಟ್ಟು ಎಂದು ಕಂಡುಬಂತು. ಕೆನಡಾದ ಒಂಟಾರಿಯೊದ ಅಧ್ಯಯನ 2018ರದ್ದು. ಪ್ರಯೋಗಾಲಯದಲ್ಲಿ ಫ್ಲೂ ಎಂದು ಖಚಿತವಾದ ಮೇಲಿನ ಏಳು ದಿನಗಳಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರುವ ಅಪಾಯ ಆರು ಪಟ್ಟು.

‘ಅವರಿಗೆ ಮೊದಲೇ ಹೃದಯದ ತೊಂದರೆ ಇದ್ದಿರಬೇಕು, ಫ್ಲೂ ನೆಪ ಅಷ್ಟೆ’ ಎನ್ನುವವರಿಗೆ ಉತ್ತರ ಈ ಅಧ್ಯಯನಗಳ ವಿಧಾನದಲ್ಲೇ ಇದೆ. ಬ್ರಿಟನ್ನಿನಲ್ಲೂ ಒಂಟಾರಿಯೊದಲ್ಲೂ ಒಬ್ಬ ರೋಗಿಯನ್ನು ಇನ್ನೊಬ್ಬನ ಜೊತೆ ಹೋಲಿಸಲಿಲ್ಲ. ಅದೇ ಮನುಷ್ಯನ ಸೋಂಕಿನ ದಿನಗಳನ್ನು ಅವನದೇ ಬೇರೆ ದಿನಗಳ ಜೊತೆ ಹೋಲಿಸಿದರು. ಅದೇ ಸಕ್ಕರೆ, ಅದೇ ಬಿಪಿ, ಅದೇ ಬೀಡಿ ಚಟ, ಅದೇ ವಂಶ. ಬದಲಾದದ್ದು ಸೋಂಕು ಒಂದೇ.

ಹಾಗಾದರೆ ಗಂಟಲಿಗೆ ಬಂದ ವೈರಸ್ಸು ಹೃದಯದ ನಾಳದಲ್ಲಿ ಹೆಪ್ಪು ಕಟ್ಟಿಸುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ವಿಷಯದ ಜೀವ ಇರುವುದೇ ಇಲ್ಲಿ.

ಒಡಿಶಾ, ಬಂಗಾಳದ ಕಡಲತೀರದಲ್ಲಿ ಲಾಳದ ಆಕಾರದ ಒಂದು ಏಡಿ ಸಿಗುತ್ತದೆ. ಅದರದ್ದು ನೀಲಿ ರಕ್ತ. ಅದರ ಅಮೆರಿಕದ ಸೋದರ ತಳಿಯ ಮೈಗೆ ಕೆಲವು ಬಗೆಯ ಬ್ಯಾಕ್ಟೀರಿಯಾ ಹೊಕ್ಕರೆ ರಕ್ತ ಗಟ್ಟಿಯಾಗಿಬಿಡುತ್ತದೆಂದು ಫ್ರೆಡರಿಕ್ ಬ್ಯಾಂಗ್ 1956ರಲ್ಲಿ ವಿವರಿಸಿದ. ಆ ಪ್ರಾಣಿಯಲ್ಲಿ ವೈರಿಯನ್ನು ಗುರುತಿಸುವ ಕಣವೂ ರಕ್ತ ಹೆಪ್ಪುಗಟ್ಟಿಸುವ ಕಣವೂ ಒಂದೇ. ಹೆಪ್ಪಿನೊಳಗೆ ವೈರಿಯನ್ನು ಹೂತುಹಾಕುವುದೇ ಅದರ ಯುದ್ಧತಂತ್ರ. ನಮ್ಮ ದೇಹದಲ್ಲಿ ಈ ಕೆಲಸಗಳು ಬೇರೆ ಬೇರೆ ಕಣಗಳಿಗೆ ಹಂಚಿಹೋಗಿವೆ, ನಂಟು ಮಾತ್ರ ಕಡಿದಿಲ್ಲ. ಸೋಂಕಿಗೆ ಉತ್ತರ ಕೊಡುವಾಗ ನಮ್ಮ ರಕ್ತವೂ ಹೆಪ್ಪುಗಟ್ಟಲು ಸಿದ್ಧವಾಗುತ್ತದೆ.

ರಕ್ತನಾಳದ ಒಳಮೈಗೆ ಒಂದೇ ಒಂದು ಪದರ ಕೋಶಗಳ ಅಸ್ತರಿಯಿದೆ. ಆರೋಗ್ಯವಾಗಿದ್ದಾಗ ಈ ಅಸ್ತರಿ ಹಗಲಿರುಳು ಹೆಪ್ಪಿನ ವಿರುದ್ಧ ಕೆಲಸ ಮಾಡುತ್ತದೆ. ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಾಸೈಕ್ಲಿನ್ ಸುರಿಸಿ ಪ್ಲೇಟ್‌ಲೆಟ್ಟುಗಳು ಅಂಟದಂತೆ ನೋಡಿಕೊಳ್ಳುತ್ತದೆ. ತನ್ನ ಮೈಮೇಲಿರುವ ಥ್ರಾಂಬೊಮಾಡ್ಯುಲಿನ್ ಎಂಬ ಪ್ರೋಟೀನಿನಿಂದ, ಹೆಪ್ಪುಗಟ್ಟಿಸುವ ಥ್ರಾಂಬಿನ್ನನ್ನೇ ಹಿಡಿದು ಹೆಪ್ಪು ತಡೆಯುವ ಕೆಲಸಕ್ಕೆ ಹಚ್ಚುತ್ತದೆ. ವೈರಸ್ಸು ಶ್ವಾಸಕೋಶದ ಕೋಶಗಳನ್ನು ಕೆಡಿಸತೊಡಗಿದಾಗ ಅಲ್ಲಿಂದ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಸಂಕೇತಗಳು ರಕ್ತಕ್ಕಿಳಿಯುತ್ತವೆ. ಅವು ತಲುಪಿದಲ್ಲೆಲ್ಲ ಅಸ್ತರಿಯ ನಡತೆ ತಿರುವುಮುರುವಾಗುತ್ತದೆ. ಥ್ರಾಂಬೊಮಾಡ್ಯುಲಿನ್ ಕಡಿಮೆಯಾಗುತ್ತದೆ. ಕೋಶದೊಳಗೆ ಪುಟ್ಟ ಚೀಲಗಳಲ್ಲಿ ಕೂಡಿಟ್ಟಿದ್ದ ವಾನ್ ವಿಲ್ಲೆಬ್ರಾಂಡ್ ಅಂಶ ಉದ್ದುದ್ದ ಎಳೆಗಳಾಗಿ ಹೊರಬರುತ್ತದೆ, ಹರಿಯುತ್ತಿದ್ದ ಪ್ಲೇಟ್‌ಲೆಟ್ಟುಗಳು ಆ ಎಳೆಗಳಿಗೆ ಸಾಲಾಗಿ ಅಂಟಿಕೊಳ್ಳುತ್ತವೆ. ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತು ಓಡಾಡತೊಡಗುತ್ತವೆ. ಗಾಯವಾಗಿ ನಾಳ ಹರಿದಾಗ ಮಾತ್ರ ರಕ್ತಕ್ಕೆ ಎದುರಾಗಬೇಕಾದ ಪ್ರೋಟೀನ್ ಅದು. ಈಗ ಗಾಯವೇ ಇಲ್ಲದೆ ರಕ್ತದ ನಡುವೆ ಇದೆ. ಅದು ಹೆಪ್ಪುಗಟ್ಟುವ ಸರಪಳಿಯ ಏಳನೇ ಅಂಶವನ್ನು ಎಬ್ಬಿಸುತ್ತದೆ, ಆ ಸರಪಳಿ ಮುಂದುವರಿದು ಥ್ರಾಂಬಿನ್ ಹುಟ್ಟುತ್ತದೆ, ಥ್ರಾಂಬಿನ್ ಫೈಬ್ರಿನೊಜನ್ನನ್ನು ಫೈಬ್ರಿನ್ ದಾರವಾಗಿಸುತ್ತದೆ.

ನ್ಯೂಟ್ರೊಫಿಲ್‌ಗಳದ್ದು ಇನ್ನೊಂದು ಕಥೆ. ಈ ಬಿಳಿ ರಕ್ತಕಣಗಳು ತಮ್ಮೊಳಗಿನ ಡಿಎನ್‌ಎಯನ್ನೇ ಬಿಚ್ಚಿ ಬಲೆಯಂತೆ ಹೊರಗೆ ಎಸೆಯುತ್ತವೆಂದು ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2004ರಲ್ಲಿ ಕಂಡುಹಿಡಿದರು. ರೋಗಾಣುಗಳನ್ನು ಹಿಡಿಯಲು ಬೀಸಿದ ಆ ಬಲೆಯಲ್ಲಿ ಪ್ಲೇಟ್‌ಲೆಟ್ಟು, ಕೆಂಪು ಕಣ, ಫೈಬ್ರಿನ್ ಎಲ್ಲವೂ ಸಿಕ್ಕಿಬೀಳುತ್ತವೆ. ಅತ್ತ ಯಕೃತ್ತು ಇಂಟರ್‌ಲ್ಯೂಕಿನ್-6ರ ಆದೇಶದ ಮೇರೆಗೆ ಫೈಬ್ರಿನೊಜನ್ನನ್ನು ಹೆಚ್ಚೆಚ್ಚು ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಹೆಪ್ಪು ಕರಗಿಸುವ ಕೆಲಸಕ್ಕೆ ಪಿಎಐ-1 ಎಂಬ ಪ್ರೋಟೀನ್ ಅಡ್ಡ ಕಾಲು ಹಾಕುತ್ತದೆ. ಇಷ್ಟು ಸಾಲದೆಂಬಂತೆ, ಹುಟ್ಟಿದ ಥ್ರಾಂಬಿನ್ ಸುಮ್ಮನೆ ಹೆಪ್ಪುಗಟ್ಟಿಸಿ ಕೂರುವುದಿಲ್ಲ, ಅಸ್ತರಿಯ ಕೋಶಗಳನ್ನು ಕೆಣಕಿ ಉರಿಯೂತವನ್ನು ಮತ್ತೆ ಏರಿಸುತ್ತದೆ. ಉರಿಯೂತ ಹೆಪ್ಪನ್ನು, ಹೆಪ್ಪು ಉರಿಯೂತವನ್ನು ಬೆಳೆಸುತ್ತಾ ಹೋಗುತ್ತವೆ.

ಈಗ ಇದೆಲ್ಲ ನಡೆಯುತ್ತಿರುವುದು ವರ್ಷಗಳಿಂದ ಕೊಬ್ಬು ಕೂತು ಒರಟಾದ ಹೃದಯದ ನಾಳದಲ್ಲಿ ಎಂದುಕೊಳ್ಳಿ. ಕೊಬ್ಬಿನ ಆ ಗಂಟಿನೊಳಗೆ ಮೊದಲೇ ಉರಿಯೂತದ ಕೋಶಗಳು ತುಂಬಿವೆ. ಹೊರಗಿನಿಂದ ಬಂದ ಸಂಕೇತಗಳು ಅವನ್ನು ಕೆರಳಿಸಿದರೆ ಗಂಟಿನ ತೆಳು ಮುಚ್ಚಳ ಬಿರಿಯುತ್ತದೆ. ಬಿರಿದ ಜಾಗಕ್ಕೆ ಹರಿದುಬರುವುದು ಹೆಪ್ಪುಗಟ್ಟಲು ತುದಿಗಾಲಲ್ಲಿ ನಿಂತ ರಕ್ತ. ಮೇಲಿಂದ ಜ್ವರಕ್ಕೆ ಎದೆಬಡಿತ ಏರಿರುತ್ತದೆ, ಹೃದಯ ಹೆಚ್ಚು ಆಮ್ಲಜನಕ ಕೇಳುತ್ತಿರುತ್ತದೆ, ಕೆಟ್ಟ ಶ್ವಾಸಕೋಶ ಅದನ್ನು ಪೂರೈಸಲಾರದೆ ಒದ್ದಾಡುತ್ತಿರುತ್ತದೆ. ಸಕ್ಕರೆ, ಬಿಪಿ, ತಂಬಾಕು, ಕೊಲೆಸ್ಟರಾಲ್ ವರ್ಷಗಟ್ಟಲೆ ಒಟ್ಟಿದ್ದು ಒಣಹುಲ್ಲಿನ ಬಣವೆ, ವೈರಸ್ಸು ಕಿಡಿ. ಬಣವೆಯ ಬಗ್ಗೆ ನಾವು ಸಾಕಷ್ಟು ಮಾತಾಡುತ್ತೇವೆ, ಆಡಲೇಬೇಕು. ಕಿಡಿಯ ಬಗ್ಗೆ ಮಾತೇ ಇಲ್ಲ.

ಕೋವಿಡ್ ಈ ಪ್ರಕ್ರಿಯೆಯನ್ನು ಕಣ್ಣಿಗೆ ಕಾಣುವಂತೆ ದೊಡ್ಡದಾಗಿ ಬಿಡಿಸಿ ತೋರಿಸಿತು. 2020ರಲ್ಲಿ ಪ್ರಕಟವಾದ ಒಂದು ಶವಪರೀಕ್ಷೆಯ ಅಧ್ಯಯನದಲ್ಲಿ ಕೋವಿಡ್ಡಿನಿಂದ ಸತ್ತ ಏಳು ಮಂದಿಯ ಶ್ವಾಸಕೋಶಗಳನ್ನು ಫ್ಲೂನಿಂದ ಸತ್ತ ಏಳು ಮಂದಿಯ ಶ್ವಾಸಕೋಶಗಳ ಪಕ್ಕದಲ್ಲಿಟ್ಟು ನೋಡಿದರು. ಗಾಳಿಗೂಡುಗಳ ಸುತ್ತಲಿನ ಸೂಕ್ಷ್ಮ ನಾಳಗಳಲ್ಲಿ ಹೆಪ್ಪು ಎರಡರಲ್ಲೂ ಇತ್ತು, ಕೋವಿಡ್ಡಿನಲ್ಲಿ ಒಂಬತ್ತು ಪಟ್ಟು ಹೆಚ್ಚು. ಹತ್ತು ಲಕ್ಷಕ್ಕೂ ಹೆಚ್ಚು ಸೋಂಕಿತರನ್ನು ಒಳಗೊಂಡ ಸ್ವೀಡನ್ನಿನ ಅಧ್ಯಯನ 2022ರಲ್ಲಿ ಬಂತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸೋಂಕಾದ ಮೂರು ತಿಂಗಳವರೆಗೆ, ಶ್ವಾಸಕೋಶದ ನಾಳಕ್ಕೆ ಹೆಪ್ಪು ಹೋಗಿ ಸಿಕ್ಕಿಕೊಳ್ಳುವ ಅಪಾಯ ಆರು ತಿಂಗಳವರೆಗೆ ಹೆಚ್ಚಾಗಿಯೇ ಇತ್ತು. ಎರಡನೇ ಅಲೆಯಲ್ಲಿ ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಹೆಸರು ನಮ್ಮ ಹಳ್ಳಿಗಳಿಗೂ ಗೊತ್ತಾಯಿತು. ಹೆಪ್ಪು ಕಟ್ಟಿ ಕರಗಿದಾಗ ಉಳಿಯುವ ಚೂರುಗಳನ್ನು ಅಳೆಯುವ ಪರೀಕ್ಷೆ ಅದು. ಆಸ್ಪತ್ರೆಗಳಲ್ಲಿ ಹೊಟ್ಟೆಯ ಚರ್ಮಕ್ಕೆ ಹೆಪ್ಪು ತಡೆಯುವ ಹೆಪಾರಿನ್ ಚುಚ್ಚಿದ್ದನ್ನು ಎಷ್ಟೋ ಮನೆಯವರು ನೋಡಿದ್ದಾರೆ. ಇಷ್ಟೆಲ್ಲ ಕಂಡಮೇಲೂ ‘ಶೀತ-ಜ್ವರ ಬೇರೆ, ಹೃದಯ ಬೇರೆ’ ಎಂಬ ಹಳೆಯ ಮಾತಿಗೇ ಮರಳಿದ್ದೇವೆ.

ಮರಳಿದ್ದೂ ಅಲ್ಲದೆ ಅದರ ಜೊತೆಗೆ ಹೊಸ ಅಪನಂಬಿಕೆಯೊಂದನ್ನು ಬೆಳೆಸಿಕೊಂಡಿದ್ದೇವೆ. 2025ರ ಮೇ-ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಹಬ್ಬಿ, ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಜನ ಸಾಲುಗಟ್ಟಿದರು. ಟೀ ಅಂಗಡಿಯಿಂದ ಹಿಡಿದು ಟಿವಿ ಸ್ಟುಡಿಯೋವರೆಗೆ ಎಲ್ಲರ ಬೆರಳೂ ಕೋವಿಡ್ ಲಸಿಕೆಯತ್ತ ತಿರುಗಿತು. ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದೆಂದು ಸ್ವತಃ ಮುಖ್ಯಮಂತ್ರಿಗಳೇ ಅಂದರು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಅಂಥ ನಂಟು ಕಾಣಲಿಲ್ಲವೆಂದು ವರದಿ ಕೊಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ದೇಶದ 47 ಆಸ್ಪತ್ರೆಗಳ ಮೂಲಕ ಅದಾಗಲೇ ಅಧ್ಯಯನ ಮಾಡಿತ್ತು. ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ಕೋವಿಡ್ಡಿನಿಂದ ಆಸ್ಪತ್ರೆ ಸೇರಿದ್ದವರಲ್ಲಿ ಅಪಾಯ ಸುಮಾರು ನಾಲ್ಕು ಪಟ್ಟು ಇತ್ತು.

ಲಸಿಕೆ ಪೂರ್ಣ ನಿರಪಾಯ ಎಂದು ನಾನು ವಾದಿಸುತ್ತಿಲ್ಲ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಆಗಿದ್ದು ನಿಜ, ಕೆಲವರು ಸತ್ತದ್ದೂ ನಿಜ. ಆದರೆ ಲೆಕ್ಕ ಹಾಕುವಾಗ ಎರಡೂ ತಟ್ಟೆಗಳನ್ನು ತೂಗಬೇಕು. ಇಂಗ್ಲೆಂಡಿನಲ್ಲಿ 2.9 ಕೋಟಿ ಜನರ ದಾಖಲೆ ನೋಡಿದ 2021ರ ಅಧ್ಯಯನದ ಪ್ರಕಾರ, ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ಹೆಚ್ಚುವರಿ ಪ್ರಕರಣಗಳು ಆ ಲಸಿಕೆ ಪಡೆದ ಪ್ರತಿ ಒಂದು ಕೋಟಿ ಮಂದಿಗೆ 66, ಸೋಂಕು ತಗಲಿದ ಪ್ರತಿ ಒಂದು ಕೋಟಿ ಮಂದಿಗೆ 12,614. ಇಷ್ಟು ಅಂತರವಿರುವಾಗ ಲಸಿಕೆಯನ್ನು ಕಟಕಟೆಗೆ ಹತ್ತಿಸಿ ವೈರಸ್ಸನ್ನು ಕೈಬೀಸಿ ಕಳಿಸುವುದು ಯಾವ ನ್ಯಾಯ?

ಜಯದೇವ ಸಮಿತಿ ಲಸಿಕೆಯಷ್ಟೇ ಅಲ್ಲ, ಹಿಂದಿನ ಕೋವಿಡ್ ಸೋಂಕಿಗೂ ನಂಟು ಕಾಣಲಿಲ್ಲ ಎಂದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಸಮಿತಿ ನೋಡಿದ್ದು ವರ್ಷಗಳ ಹಿಂದಿನ ಸೋಂಕನ್ನು. ನಾನು ಹೇಳುತ್ತಿರುವುದು ಹೋದ ವಾರದ ಸೋಂಕಿನ ಮಾತು. 2021ರಲ್ಲಿ ಕೋವಿಡ್ ಬಂದು ಹೋದದ್ದಕ್ಕೆ 2025ರ ಪ್ರತಿ ಹೃದಯಾಘಾತವನ್ನೂ ಕಟ್ಟುವುದು ತಪ್ಪೇ. ಹೃದಯಾಘಾತವಾಗಿ ಬಂದವರನ್ನು ‘ಹಿಂದಿನ ಎರಡು ವಾರದಲ್ಲಿ ಜ್ವರ, ಕೆಮ್ಮು ಇತ್ತೇ?’ ಎಂದು ಕೇಳದೇ ಇರುವುದೂ ಅಷ್ಟೇ ತಪ್ಪು.

ಕೇಳದಿದ್ದರೆ ಬರೆಯುವುದಾದರೂ ಎಲ್ಲಿಂದ? ಆಸ್ಪತ್ರೆಯಲ್ಲಿ ಸಾವಾದಾಗ ವೈದ್ಯರು ತುಂಬುವ ನಮೂನೆ 4ನ್ನು ಒಮ್ಮೆ ನೋಡಿ. ಸಾವಿನ ತಕ್ಷಣದ ಕಾರಣಕ್ಕೆ ಒಂದು ಸಾಲು, ಅದಕ್ಕೆ ದಾರಿಮಾಡಿದ ಹಿಂದಿನ ಕಾರಣಗಳಿಗೆ ಕೆಳಗೆ ಸಾಲುಗಳು, ಜೊತೆಗಿದ್ದ ಇತರ ಕಾಯಿಲೆಗಳಿಗೆ ಬೇರೆ ಭಾಗ. ಜ್ವರದ ಇತಿಹಾಸ ಹೇಳಲು ಜಾಗ ಬೇಕಾದಷ್ಟಿದೆ. ಎಷ್ಟೋ ನಮೂನೆಗಳಲ್ಲಿ ಮೊದಲ ಸಾಲಿನಲ್ಲಿ ‘ಕಾರ್ಡಿಯೋ-ರೆಸ್ಪಿರೇಟರಿ ಅರೆಸ್ಟ್’ ಎಂದು ಗೀಚಿ ಉಳಿದದ್ದನ್ನು ಖಾಲಿ ಬಿಡುತ್ತಾರೆ. ಹೃದಯ, ಉಸಿರು ನಿಂತಿತು ಎಂದರೆ ಸತ್ತರು ಎಂದಷ್ಟೇ ಅರ್ಥ, ಅದು ಕಾರಣವಾಗುವುದಿಲ್ಲ. ಇಂಥ ಕಾಗದಗಳನ್ನು ಒಟ್ಟುಹಾಕಿ ಮಾಡಿದ ಅಂಕಿಅಂಶದಲ್ಲಿ ಫ್ಲೂ ಕಾಣಿಸುವುದಾದರೂ ಹೇಗೆ? ಕಾಣಿಸದ್ದಕ್ಕೆ ಯೋಜನೆಯೂ ಇಲ್ಲ, ಹಣವೂ ಇಲ್ಲ.

ಇನ್ನು ‘ಇಮ್ಯುನಿಟಿ’ಯ ಮಾತು. ಕೋವಿಡ್ ಕಾಲದಿಂದ ಈಚೆಗೆ ಎಲ್ಲ ಜ್ವರಕ್ಕೂ ಒಂದೇ ಮದ್ದು, ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ ಎಂಬ ಉಪದೇಶ. ಅಮೃತಬಳ್ಳಿಯ ರಸದಿಂದ ಹಿಡಿದು ಸಾವಿರ ರೂಪಾಯಿಯ ಡಬ್ಬಿಗಳವರೆಗೆ ಎಲ್ಲವೂ ಬೂಸ್ಟರ್. ಅಜ್ಜಿ ಕೊಡುವ ಮೆಣಸು-ಶುಂಠಿಯ ಕಷಾಯದ ಮೇಲೆ ನನಗೆ ದೂರಿಲ್ಲ, ಗಂಟಲಿಗೆ ಹಿತವಾಗುತ್ತದೆ, ಕುಡಿಯಿರಿ. ಆದರೆ ‘ನನ್ನ ಇಮ್ಯುನಿಟಿ ಸ್ಟ್ರಾಂಗ್ ಇದೆ, ನನಗೇನಾಗಲ್ಲ’ ಎಂಬ ಧೈರ್ಯ ಅಪಾಯಕಾರಿ. ಮೇಲೆ ವಿವರಿಸಿದ ಅನಾಹುತವನ್ನು ಮಾಡಿದ್ದು ವೈರಸ್ಸಿಗಿಂತ ಹೆಚ್ಚಾಗಿ ನಮ್ಮದೇ ರೋಗನಿರೋಧಕ ವ್ಯವಸ್ಥೆ. ತೀವ್ರ ಕೋವಿಡ್ಡಿನಲ್ಲಿ ಜೀವ ಉಳಿಸಿದ್ದು ಆ ವ್ಯವಸ್ಥೆಯನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಅದು ವೆಂಟಿಲೇಟರ್ ಮೇಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ಆಮ್ಲಜನಕವೇ ಬೇಕಿರದ ರೋಗಿಗಳಿಗೆ ಅದೇ ಔಷಧಿಯಿಂದ ಯಾವ ಪ್ರಯೋಜನವೂ ಕಾಣಲಿಲ್ಲ.

ಈ ಕೊನೆಯ ಮಾತನ್ನು ನಮ್ಮಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜ್ವರದ ಮೊದಲ ದಿನವೇ ಪೊಟ್ಟಣದಲ್ಲಿ ಕಟ್ಟಿಕೊಡುವ ಮೂರು-ನಾಲ್ಕು ಮಾತ್ರೆಗಳ ನಡುವೆ ಹೆಸರಿಲ್ಲದ ಪುಟ್ಟ ಬಿಳಿ ಮಾತ್ರೆಯೊಂದು ಇರುತ್ತದಲ್ಲ, ಎಷ್ಟೋ ಸಲ ಅದು ಸ್ಟೆರಾಯ್ಡ್. ಮೈನೋವು ಸಂಜೆಗೇ ಮಾಯವಾಗುತ್ತದೆ, ‘ಡಾಕ್ಟ್ರ ಕೈಗುಣ ಚೆನ್ನಾಗಿದೆ’ ಎಂಬ ಹೆಸರು ಬರುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದ ಸಕ್ಕರೆ ಹದ್ದುಮೀರುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಕಣ್ಣು, ದವಡೆ ಕಿತ್ತುಕೊಂಡು ಹೋದದ್ದು ಹೆಚ್ಚಾಗಿ ಇಂಥವರದ್ದೇ. ಹಾಗೆಯೇ ‘ರಕ್ತ ತೆಳುವಾಗಲಿ’ ಎಂದು ಮೆಡಿಕಲ್ ಶಾಪಿನಿಂದ ಆಸ್ಪಿರಿನ್ ತಂದು ನುಂಗುವವರು. ಸುಮಾರು 15,000 ಕೋವಿಡ್ ರೋಗಿಗಳ ಮೇಲೆ ಆಸ್ಪಿರಿನ್ ಪರೀಕ್ಷಿಸಿದಾಗ ಸಾವು ಕಡಿಮೆಯಾಗಲಿಲ್ಲ. ಹೆಪ್ಪುಗಟ್ಟುವ ದಾರಿಗಳು ಹಲವು, ಆಸ್ಪಿರಿನ್ ಮುಟ್ಟುವುದು ಪ್ಲೇಟ್‌ಲೆಟ್ಟುಗಳ ಒಂದು ದಾರಿಯನ್ನು. ಡೆಂಗಿ ಕಾಲದಲ್ಲಿ ಜ್ವರಕ್ಕೆ ಆಸ್ಪಿರಿನ್ ನುಂಗುವುದಂತೂ ರಕ್ತಸ್ರಾವಕ್ಕೆ ಆಹ್ವಾನ. ಹೃದ್ರೋಗಕ್ಕೆಂದು ವೈದ್ಯರು ಮೊದಲೇ ಬರೆದುಕೊಟ್ಟ ಮಾತ್ರೆಯನ್ನು ಜ್ವರವೆಂದು ತಾವಾಗಿ ನಿಲ್ಲಿಸುವುದೂ ಅಷ್ಟೇ ಕೆಟ್ಟದ್ದು. ಸ್ಟೆಂಟ್ ಇದ್ದವರು ಹಾಗೆ ನಿಲ್ಲಿಸಿದರೆ ಆ ಸ್ಟೆಂಟಿನೊಳಗೇ ಹೆಪ್ಪು ಕಟ್ಟಬಹುದು. ಮುಂದುವರಿಸಬೇಕೋ ಬದಲಿಸಬೇಕೋ ಎಂಬುದನ್ನು ವೈದ್ಯರೇ ಹೇಳಬೇಕು.

ಪ್ರಯೋಗಕ್ಕೆ ಒಳಪಟ್ಟು ಫಲ ಕೊಟ್ಟದ್ದು ಫ್ಲೂ ಲಸಿಕೆ. ಹೃದಯಾಘಾತವಾಗಿ ಆಸ್ಪತ್ರೆಯಲ್ಲಿದ್ದವರೇ ಹೆಚ್ಚಾಗಿದ್ದ 2,500ಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಫ್ಲೂ ಲಸಿಕೆ, ಉಳಿದವರಿಗೆ ಬರೀ ಉಪ್ಪುನೀರು ಚುಚ್ಚಿ ಒಂದು ವರ್ಷ ಕಾದು ನೋಡಿದರು. ಸ್ವೀಡನ್ನಿನಿಂದ ಬಾಂಗ್ಲಾದೇಶದವರೆಗೆ ಎಂಟು ದೇಶಗಳಲ್ಲಿ ನಡೆದ ಪ್ರಯೋಗ, ಫಲಿತಾಂಶ ಬಂದದ್ದು 2021ರಲ್ಲಿ. ವರ್ಷದೊಳಗೆ ಸತ್ತವರು ಲಸಿಕೆ ಪಡೆದವರಲ್ಲಿ ಶೇ 2.9, ಪಡೆಯದವರಲ್ಲಿ ಶೇ 4.9. ಎಲ್ಲ ಪ್ರಯೋಗಗಳೂ ಇಷ್ಟು ಸ್ಪಷ್ಟವಾಗಿ ಮಾತಾಡಿಲ್ಲ. ಭಾರತವೂ ಸೇರಿದ್ದ, ಹೃದಯ ವೈಫಲ್ಯದ ರೋಗಿಗಳ ಮೇಲಿನ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ವರ್ಷವಿಡೀ ಲೆಕ್ಕ ಹಾಕಿದಾಗ ವ್ಯತ್ಯಾಸ ಖಚಿತವಾಗಲಿಲ್ಲ. ಫ್ಲೂ ಜೋರಾಗಿ ಹರಡುವ ತಿಂಗಳುಗಳನ್ನಷ್ಟೇ ತೆಗೆದುಕೊಂಡಾಗ ಲಸಿಕೆ ಪಡೆದವರಲ್ಲಿ ಸಾವು ಕಡಿಮೆಯಿತ್ತು. ಯುರೋಪಿನ ಹೃದ್ರೋಗ ತಜ್ಞರ ಸಂಘ ಹೃದ್ರೋಗಿಗಳಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಕೊಡಬೇಕೆಂದು ಶಿಫಾರಸು ಮಾಡಿದೆ.

ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಇಸಿಜಿ ವ್ಯವಸ್ಥೆ ಕೊಟ್ಟು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಒದಗಿಸುತ್ತಿದೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧಿ ಅದು. ಮೆಚ್ಚಲೇಬೇಕಾದ ಕೆಲಸ, ಹಲವರ ಜೀವ ಉಳಿದಿದೆ. ಕಟ್ಟಿದ ಹೆಪ್ಪನ್ನು ಕರಗಿಸಲು ಇಷ್ಟು ಖರ್ಚು ಮಾಡುವ ಸರ್ಕಾರ, ಕಟ್ಟುವುದನ್ನು ತಡೆಯಲು ಅದಕ್ಕಿಂತ ಎಷ್ಟೋ ಅಗ್ಗದ ಫ್ಲೂ ಲಸಿಕೆಯನ್ನು ಅದೇ ರೋಗಿಗಳಿಗೆ ಏಕೆ ಕೊಡಬಾರದು? ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದಿಲ್ಲ. ಖಾಸಗಿಯಾಗಿ ಹಾಕಿಸಿಕೊಳ್ಳಬೇಕೆಂದು ಬಹುತೇಕ ಹೃದ್ರೋಗಿಗಳಿಗೆ ಯಾರೂ ಹೇಳುವುದೂ ಇಲ್ಲ. ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಉಪ್ಪು ಕಡಿಮೆ ಮಾಡಿ, ವಾಕಿಂಗ್ ಮಾಡಿ, ಬೀಡಿ-ಸಿಗರೇಟು ಬಿಡಿ ಎಂದಿರುತ್ತದೆ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಲು ಯಾವ ಬಜೆಟ್ಟೂ ಬೇಕಿಲ್ಲ: ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ; ಜ್ವರ-ಕೆಮ್ಮು ಬಂದುಹೋದ ಎರಡು ವಾರ ಭಾರದ ಕೆಲಸ ಬೇಡ, ಆ ದಿನಗಳಲ್ಲಿ ಎದೆ ಹಿಡಿದರೆ, ಏದುಸಿರು ಬಂದರೆ, ಒಂದೇ ಕಾಲು ಊದಿದರೆ, ಮಾತು ತೊದಲಿದರೆ ಅರ್ಧ ಗಂಟೆಯೂ ಕಾಯದೆ ಆಸ್ಪತ್ರೆಗೆ ಬನ್ನಿ, ಬಂದು ಹಿಂದಿನ ವಾರ ಜ್ವರ ಇತ್ತೆಂದು ಮೊದಲು ಹೇಳಿ.